ಈರುಳ್ಳಿ, ಬ್ಯಾಂಡೇಜು ಮತ್ತು ಒಂದು ಸಹಿ

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಹೆಂಗಸರು ಸೈನಿಕರಿಗಾಗಿ ದುಡಿದದ್ದನ್ನು ಬರಿಯ ಕರುಣೆಯ ಲೆಕ್ಕಕ್ಕೆ ಬರೆದು ಮುಗಿಸುವುದು ಅನ್ಯಾಯ. ಅದು ರಾಜಕೀಯವೂ ಆಗಿತ್ತು. ಸೈನಿಕರ ಆರೋಗ್ಯ ನೋಡಿಕೊಳ್ಳಲು 1861ರಲ್ಲಿ ಸ್ಥಾಪನೆಯಾದ ಸ್ಯಾನಿಟರಿ ಕಮಿಷನ್‌ಗೆ ಊರೂರಿನ ಮಹಿಳಾ ಸಂಘಗಳು ಹೊಲಿದ ಅಂಗಿ, ಬ್ಯಾಂಡೇಜು, ಸ್ಕರ್ವಿ ರೋಗ ತಡೆಯಲು ಈರುಳ್ಳಿ, ಆಲೂಗಡ್ಡೆ ಕಳಿಸುತ್ತಿದ್ದವು. 1863ರ ಅಕ್ಟೋಬರಿನಲ್ಲಿ ಕಮಿಷನ್ನಿನ ಕಾರ್ಯಕರ್ತೆಯರಾದ ಮೇರಿ ಲಿವರ್ಮೋರ್ ಮತ್ತು ಜೇನ್ ಹೋಗ್ ಶಿಕಾಗೊದಲ್ಲಿ ನಿಧಿಸಂಗ್ರಹಕ್ಕೆ ದೊಡ್ಡ ಮೇಳವನ್ನೇ ನಡೆಸಿದರು. ಗುರಿ 25,000 ಡಾಲರ್. ಕೂಡಿದ್ದು ಅದರ ಮೂರು ಪಟ್ಟಿಗೂ ಹೆಚ್ಚು. ಗುಲಾಮರ ವಿಮೋಚನಾ ಘೋಷಣೆಯ ತಮ್ಮ ಕೈಬರಹದ ಪ್ರತಿಯನ್ನು ಅಧ್ಯಕ್ಷ ಲಿಂಕನ್ ಮೇಳಕ್ಕೆ ಕೊಟ್ಟರು, ಅದು 3,000 ಡಾಲರಿಗೆ ಹೋಯಿತು. ಯುದ್ಧ ಯಾವುದಕ್ಕಾಗಿ ಎಂಬ ಪ್ರಶ್ನೆಯೂ ಹೀಗೆ ಅದೇ ಮೇಳದೊಳಕ್ಕೆ ಬಂತು.

ಅಡುಗೆ, ಹೊಲಿಗೆ ಮನೆಯಿಂದ ಶಿಬಿರಕ್ಕೆ ಹಬ್ಬಿತಷ್ಟೇ, ಕಮಿಷನ್ನಿನ ಅಧಿಕಾರ ಗಂಡಸರ ಕೈಯಲ್ಲೇ ಉಳಿಯಿತು ಎಂಬ ಆಕ್ಷೇಪವಿದೆ. ಸುಳ್ಳಲ್ಲ. ಆದರೆ ಕೆಲಸದ ಒಳಗೇ ಹೆಂಗಸರಿಗೆ ಕಾನೂನಿನ ಗೋಡೆ ಎದುರಾದದ್ದು ಸಣ್ಣ ಸಂಗತಿಯಲ್ಲ. ಮೇಳದ ಕಟ್ಟಡಕ್ಕೆ ಕರಾರು ಮಾಡಿಕೊಳ್ಳಲು ಹೋದರೆ, ವಿವಾಹಿತೆಯರ ಸಹಿ ನಡೆಯದು, ಗಂಡಂದಿರದೇ ಬೇಕು ಎಂದಾಯಿತು. ಹಣ ಹೊಂದಿಸುವವರು ಇವರು, ಸಹಿ ಇನ್ನೊಬ್ಬರದು! ಲಿವರ್ಮೋರ್ ಇದನ್ನು ಮರೆಯಲಿಲ್ಲ. ಯುದ್ಧ ಮುಗಿದ ಮೇಲೆ ಮತದಾನದ ಹಕ್ಕಿಗಾಗಿ ಹೋರಾಟಕ್ಕಿಳಿದು, 1869ರಲ್ಲಿ ‘ಅಜಿಟೇಟರ್’ ಪತ್ರಿಕೆ ಆರಂಭಿಸಿದರು. ಆ ಹಕ್ಕು ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ. ಅವರು ತೀರಿಕೊಂಡು ಆಗಲೇ 15 ವರ್ಷಗಳಾಗಿದ್ದವು.