ನಕ್ಷೆ ಬರೆಯುವವರು ಯಾರು? ಸಿಂಧನೂರು, ಮಸ್ಕಿ, ಲಿಂಗಸುಗೂರು ಕ್ಷೇತ್ರಗಳ ಚರಿತ್ರೆ

ಸಿಂಧನೂರಿನಲ್ಲಿ ಬಸ್ಸು ಹತ್ತಿ ಮಸ್ಕಿ ಮೇಲೆ ಹೋದರೆ ಎರಡು ತಾಸಿನೊಳಗೆ ಲಿಂಗಸುಗೂರು ಮುಟ್ಟುತ್ತೇವೆ. ಮೂರೂ ರಾಯಚೂರು ಜಿಲ್ಲೆಯ ಊರುಗಳೇ. ಆಡುವ ಮಾತು ಒಂದೇ, ಸುಡುವ ಬಿಸಿಲು ಒಂದೇ, ಊರ ಹೊರಗಿನ ಕೇರಿಯೂ ಒಂದೇ ತರಹ. ಆದರೆ ಓಟಿನ ದಿನ ಬಂತೆಂದರೆ ಈ ದಾರಿಯ ಮೇಲಿನ ಮಾದಿಗ, ಹೊಲೆಯ ಕೂಲಿಕಾರನ ಕೈಗೆ ಮೂರು ಊರಲ್ಲಿ ಮೂರು ತರಹದ ಓಟು ಬರುತ್ತದೆ.

ಸಿಂಧನೂರಿನವನಿಗೆ ವಿಧಾನಸಭೆಯೂ ಸಾಮಾನ್ಯ ಕ್ಷೇತ್ರ, ಲೋಕಸಭೆಯೂ ಸಾಮಾನ್ಯ ಕ್ಷೇತ್ರ. ಮಸ್ಕಿಯವನಿಗೆ ವಿಧಾನಸಭೆ ಪರಿಶಿಷ್ಟ ಪಂಗಡದ ಮೀಸಲು, ಲೋಕಸಭೆ ಸಾಮಾನ್ಯ. ಲಿಂಗಸುಗೂರಿನವನಿಗೆ ವಿಧಾನಸಭೆ ಪರಿಶಿಷ್ಟ ಜಾತಿಯ ಮೀಸಲು, ಲೋಕಸಭೆ ಪರಿಶಿಷ್ಟ ಪಂಗಡದ ಮೀಸಲು. ಸಿಂಧನೂರು, ಮಸ್ಕಿ ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿವೆ. ಲಿಂಗಸುಗೂರು ರಾಯಚೂರು ಕ್ಷೇತ್ರದಲ್ಲಿದೆ. ರೇಷನ್ ಕಾರ್ಡಿಗೆ, ಪಹಣಿಗೆ, ಜಾತಿ ಜಗಳಕ್ಕೆ ಸಿಂಧನೂರಿನವನು ರಾಯಚೂರಿನ ಜಿಲ್ಲಾಧಿಕಾರಿ ಕಚೇರಿ ಮೆಟ್ಟಿಲು ಹತ್ತಬೇಕು. ದಿಲ್ಲಿಯಲ್ಲಿ ಅವನ ಪರ ಮಾತಾಡಬೇಕಾದವರನ್ನು ಮಾತ್ರ ಕೊಪ್ಪಳದ ಲೆಕ್ಕದಲ್ಲಿ ಆರಿಸಬೇಕು. ಇದೇನು ದೇವರು ಬರೆದ ಹಣೆಬರಹವಲ್ಲ. ಮನುಷ್ಯರು ಕಚೇರಿಯಲ್ಲಿ ಕೂತು ಎಳೆದ ಗೆರೆ. ಅದನ್ನು ಯಾರು ಎಳೆದರು, ಯಾವಾಗ ಎಳೆದರು, ಅದರಿಂದ ಯಾರಿಗೆ ಏನು ದಕ್ಕಿತು ಎಂಬುದನ್ನು ನಾವು ಓದಲೇಬೇಕಾಗಿದೆ.

ದೊರೆಗಳ ಕಾಲದ ಗೆರೆಗಳು

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ಸೀಮೆಗಾಗಿ ರಾಜರು ಶತಮಾನಗಟ್ಟಲೆ ಬಡಿದಾಡಿದರು. ವಿಜಯನಗರದವರೂ ಬಹಮನಿಗಳೂ ಮುದಗಲ್ಲಿನ ಕೋಟೆಯನ್ನು ಕೈಯಿಂದ ಕೈಗೆ ಕಸಿದುಕೊಂಡರು. ಕೋಟೆಯ ಕಲ್ಲು ಹೊತ್ತವರ ಹೆಸರು ಯಾವ ಬಖೈರಿನಲ್ಲೂ ಇಲ್ಲ. 1853ರಲ್ಲಿ ನಿಜಾಮ ಸಾಲ ತೀರಿಸಲಾಗದೆ ರಾಯಚೂರು ದೋಆಬನ್ನು ಬ್ರಿಟಿಷರ ಕೈಗೆ ಒಪ್ಪಿಸಿದ. 1860ರಲ್ಲಿ ಅವರು ವಾಪಸ್ ಕೊಟ್ಟರು. ಲಿಂಗಸುಗೂರಿನಲ್ಲಿ ಸೈನ್ಯದ ದಂಡು ಇತ್ತು. ಅದು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವೂ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನೇ ರದ್ದು ಮಾಡಿದರು. ಕೊಡುವುದು, ಕೊಳ್ಳುವುದು, ಕೂಡಿಸುವುದು, ಕಳೆಯುವುದು ಎಲ್ಲ ದೊರೆಗಳ ನಡುವಿನ ವ್ಯವಹಾರ. ಅಲ್ಲಿ ಬದುಕುವ ಮಂದಿಯನ್ನು ಒಂದು ಮಾತು ಕೇಳಿದವರಿಲ್ಲ. ನಿಜಾಮನ ರಾಜ್ಯದಲ್ಲಿ ಎಲ್ಲರಿಗೂ ಓಟು ಎಂಬ ಮಾತೇ ಇರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ, ಅಂದರೆ 1952ರಲ್ಲಿ, ಹೊಲ ಉಳುವವನೂ ಹೊಲದೊಡೆಯನೂ ಒಂದೇ ಸಾಲಿನಲ್ಲಿ ನಿಂತರು. ಆಗ ಈ ಭಾಗದಲ್ಲಿ ಕುಷ್ಟಗಿ ಹೆಸರಿನ ಲೋಕಸಭಾ ಕ್ಷೇತ್ರವಿತ್ತು. ಕಾಂಗ್ರೆಸ್ಸಿನ ಅಲೆಯ ಕಾಲದಲ್ಲೂ ಅಲ್ಲಿ ಪಕ್ಷೇತರರಾಗಿ ಅಳವಂಡಿಯ ಶಿವಮೂರ್ತಿಸ್ವಾಮಿ ಗೆದ್ದರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1957ರ ಚುನಾವಣೆಗೆ ಕೊಪ್ಪಳ ಲೋಕಸಭಾ ಕ್ಷೇತ್ರ ಹುಟ್ಟಿತು. ಅಂದಿಗೆ ಕೊಪ್ಪಳ ರಾಯಚೂರು ಜಿಲ್ಲೆಯ ಒಂದು ತಾಲೂಕು. ಹೀಗಾಗಿ ಜಿಲ್ಲೆ ಒಂದು, ಕ್ಷೇತ್ರ ಇನ್ನೊಂದು ಎಂಬ ತಕರಾರು ಯಾರಿಗೂ ಕಾಣಲಿಲ್ಲ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಸಿಂಧನೂರು ರಾಯಚೂರು ಜಿಲ್ಲೆಯಲ್ಲೇ ಉಳಿಯಿತು, ಅದರ ಓಟು ಮಾತ್ರ ಕೊಪ್ಪಳದಲ್ಲಿ ಉಳಿಯಿತು.

ಪುಣೆಯ ಒಪ್ಪಂದದ ನೆರಳು

ಮೀಸಲು ಕ್ಷೇತ್ರ ಅಂದರೇನು? ನಮ್ಮ ಹುಡುಗರಲ್ಲೇ ಎಷ್ಟೋ ಮಂದಿಗೆ ಇದು ಸರಿಯಾಗಿ ತಿಳಿದಿಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವನು ಪರಿಶಿಷ್ಟನಾಗಿರಬೇಕು, ಅಷ್ಟೇ. ಅವನನ್ನು ಆರಿಸುವವರು ಎಲ್ಲ ಜಾತಿಯವರು. 1932ರ ಆಗಸ್ಟಿನಲ್ಲಿ ಬಂದ ಕೋಮುವಾರು ತೀರ್ಪು ಅಸ್ಪೃಶ್ಯರಿಗೆ ಎರಡು ಓಟು ಕೊಟ್ಟಿತ್ತು. ಒಂದರಿಂದ ತಮ್ಮವನನ್ನು ತಾವೇ ಆರಿಸಬಹುದಿತ್ತು, ಇನ್ನೊಂದನ್ನು ಸಾಮಾನ್ಯ ಕ್ಷೇತ್ರದಲ್ಲಿ ಹಾಕಬಹುದಿತ್ತು. ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಬಾಬಾಸಾಹೇಬರು ಪುಣೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಪ್ರಾಂತಗಳ ಶಾಸನಸಭೆಗಳಲ್ಲಿ ಸೀಟು 71ರಿಂದ 148ಕ್ಕೆ ಏರಿತು. ಆದರೆ ತಮ್ಮವನನ್ನು ತಾವೇ ಆರಿಸುವ ಆ ಓಟು ಹೋಯಿತು. ಸಂಖ್ಯೆ ಬಂತು, ಕೀಲಿಕೈ ಬೇರೆಯವರ ಬೊಕ್ಕಣಕ್ಕೆ ಸೇರಿತು.

ಸ್ವಾತಂತ್ರ್ಯ ಬಂದ ಮೇಲೆ 1952, 1957ರ ಚುನಾವಣೆಗಳಲ್ಲಿ ಇಬ್ಬರು ಸದಸ್ಯರ ಕ್ಷೇತ್ರ ಎಂಬ ಪದ್ಧತಿ ಇತ್ತು. ಒಂದೇ ಕ್ಷೇತ್ರದಿಂದ ಒಬ್ಬ ಸಾಮಾನ್ಯ, ಒಬ್ಬ ಮೀಸಲು ಸದಸ್ಯ. 1961ರಲ್ಲಿ ಕಾಯ್ದೆ ತಂದು ಅದನ್ನು ತೆಗೆದುಹಾಕಿದರು. ಅಲ್ಲಿಂದ ಮುಂದೆ ಒಂದು ಕ್ಷೇತ್ರ ಪೂರ್ತಿ ಮೀಸಲು, ಇಲ್ಲವೇ ಪೂರ್ತಿ ಸಾಮಾನ್ಯ. ಹಾಗಾಗಿ ಗೆರೆ ಎಲ್ಲಿ ಬೀಳುತ್ತದೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಯಿತು. ಈ ಕಲ್ಯಾಣ ಕರ್ನಾಟಕದ ನೆಲದಿಂದಲೇ ಈ ಮಾತನ್ನು ಗಟ್ಟಿಯಾಗಿ ಎತ್ತಿದವರು ಬಿ. ಶ್ಯಾಮಸುಂದರ್. 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದ ಅವರು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ವಾದಿಸಿದರು. ಆ ವಾದವನ್ನು ಒಪ್ಪುವವರಿರಲಿ, ಒಪ್ಪದವರಿರಲಿ, ಅವರು ಎತ್ತಿದ ಪ್ರಶ್ನೆ ಇನ್ನೂ ಸತ್ತಿಲ್ಲ.

2008ರ ಹೊಸ ನಕ್ಷೆ

1976ರಲ್ಲಿ ತುರ್ತುಪರಿಸ್ಥಿತಿಯ ಹೊತ್ತಿನಲ್ಲಿ 42ನೇ ತಿದ್ದುಪಡಿ ತಂದು ಸೀಟುಗಳ ಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿದರು. ಮುಂದೆ ಎರಡು ತಿದ್ದುಪಡಿಗಳಾದವು. ಸೀಟುಗಳ ಒಟ್ಟು ಸಂಖ್ಯೆ ಹಾಗೇ ಇರಲಿ, ಗೆರೆಗಳನ್ನು 2001ರ ಜನಗಣತಿಯ ಪ್ರಕಾರ ಮತ್ತೆ ಎಳೆಯಿರಿ ಅಂತ ತೀರ್ಮಾನವಾಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಆ ಕೆಲಸ ಮಾಡಿತು. ಹೊಸ ನಕ್ಷೆಯ ಮೇಲೆ ದೇಶದಲ್ಲೇ ಮೊದಲು ವಿಧಾನಸಭೆ ಚುನಾವಣೆ ನಡೆದದ್ದು ಕರ್ನಾಟಕದಲ್ಲಿ, 2008ರ ಮೇ ತಿಂಗಳಲ್ಲಿ.

ಆಗ ನಮ್ಮ ಸೀಮೆ ಪೂರಾ ಬದಲಾಯಿತು. ಅದುವರೆಗೆ ದೇವದುರ್ಗ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು, ಅದು ಪಂಗಡಕ್ಕೆ ಹೋಯಿತು. ಸಾಮಾನ್ಯವಾಗಿದ್ದ ಲಿಂಗಸುಗೂರು ಪರಿಶಿಷ್ಟ ಜಾತಿಗೆ ಬಂತು. ಕಲ್ಮಲಾ ಎಂಬ ಕ್ಷೇತ್ರ ಅಳಿಸಿಹೋಯಿತು. ಹಿಂದೆ ಎಂದೂ ಇಲ್ಲದ ಮಸ್ಕಿ ಕ್ಷೇತ್ರ ಹುಟ್ಟಿತು. ಈಗ ರಾಯಚೂರು ಜಿಲ್ಲೆಯ 7 ವಿಧಾನಸಭಾ ಕ್ಷೇತ್ರಗಳಲ್ಲಿ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ಈ 4 ಪಂಗಡಕ್ಕೆ, ಲಿಂಗಸುಗೂರು 1 ಜಾತಿಗೆ. ರಾಯಚೂರು ನಗರ, ಸಿಂಧನೂರು ಸಾಮಾನ್ಯ.

2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 21 ಮಂದಿ ಪರಿಶಿಷ್ಟ ಜಾತಿ, ಸುಮಾರು 19 ಮಂದಿ ಪರಿಶಿಷ್ಟ ಪಂಗಡ. ಹಾಗಾದರೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ನಾಲ್ಕು ಯಾಕೆ? ಈ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಕೇರಿಯವರನ್ನೂ ನಾಯಕರ ಓಣಿಯವರನ್ನೂ ಜಗಳಕ್ಕೆ ಹಚ್ಚುವವರಿದ್ದಾರೆ. ಉತ್ತರ ಕಾಯ್ದೆಯಲ್ಲಿದೆ. ಪಂಗಡದ ಮೀಸಲು ಸೀಟುಗಳು ಆ ಜನರ ಪ್ರಮಾಣ ಎಲ್ಲಿ ಅತಿ ಹೆಚ್ಚಿದೆಯೋ ಅಲ್ಲೇ ಬೀಳಬೇಕು. ಜಾತಿಯ ಸೀಟುಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಬೇಕು. ಪರಿಶಿಷ್ಟ ಜಾತಿಯವರು ಎಲ್ಲ ಊರಿನ ಹೊರಗೂ ಇದ್ದಾರೆ, ಆದ್ದರಿಂದ ಅವರ ಸೀಟೂ ಚೆದುರಿದೆ. ಪಂಗಡದ ಜನ ನಮ್ಮ ಸೀಮೆಯಲ್ಲಿ ದಟ್ಟವಾಗಿದ್ದಾರೆ, ಆದ್ದರಿಂದ ಸೀಟೂ ಇಲ್ಲಿ ದಟ್ಟ. ರಾಜ್ಯದ ಲೆಕ್ಕ ನೋಡಿದರೆ ಪಂಗಡಕ್ಕೆ ಬಹುಕಾಲ ಇದ್ದದ್ದು ಎರಡೇ ವಿಧಾನಸಭಾ ಸೀಟು. 1976ರ ಕಾಯ್ದೆ ಪಟ್ಟಿಗಳ ಪ್ರದೇಶಮಿತಿ ತೆಗೆಯಿತು. 1991ರಲ್ಲಿ ನಾಯಕ ಎಂಬ ಹೆಸರಿನ ಜತೆ ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಪಟ್ಟಿಗೆ ಸೇರಿದವು. ಆ ಮೇಲೆ 2008ರಲ್ಲಿ ಎರಡಿದ್ದದ್ದು 15 ಆಯಿತು. ಜಾತಿಯ ಸೀಟು 33ರಿಂದ 36 ಆಯಿತು. ನಾಯಕರ ಕೂಲಿಕಾರ ನಮ್ಮ ತಟ್ಟೆಯಿಂದ ಕಸಿದುಕೊಂಡದ್ದು ಇಲ್ಲಿ ಏನೂ ಇಲ್ಲ.

ಕಾಲುವೆ, ಒಣಭೂಮಿ, ಚಿನ್ನ

ಇನ್ನು ಈ ಮೂರು ಕ್ಷೇತ್ರಗಳ ಒಡಲನ್ನು ಬಿಚ್ಚಿ ನೋಡೋಣ.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಕೂಸು. 1953ರ ಹೊತ್ತಿಗೆ ಅಣೆಕಟ್ಟು ಎದ್ದಿತು. ನೀರು ಬಂದಲ್ಲಿಗೆ ಆಂಧ್ರದಿಂದ ರೈತರು ಬಂದು ಭೂಮಿ ಕೊಂಡು ಕ್ಯಾಂಪು ಕಟ್ಟಿದರು. ಜೋಳದ ಸೀಮೆ ಭತ್ತದ ಸೀಮೆಯಾಯಿತು. ರೈಸ್‌ಮಿಲ್ಲು ಎದ್ದವು, ಪೇಟೆ ಬೆಳೆಯಿತು. ಭೂಮಿ ಇಲ್ಲದ ನಮ್ಮ ಮಂದಿಗೆ ಸಿಕ್ಕದ್ದು ನಾಟಿ ಕೂಲಿ. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಇದ್ದ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. ನೀರು ಕಮ್ಮಿಯಾದಾಗ ಮೊದಲು ಒಣಗುವುದು ಕಾಲುವೆಯ ಕೊನೆಯ ಹೊಲ, ಅದಕ್ಕೂ ಮೊದಲು ಒಣಗುವುದು ಕೂಲಿಕಾರಳ ಒಲೆ. 2008, 2018ರಲ್ಲಿ ವೆಂಕಟರಾವ್ ನಾಡಗೌಡ, 2013, 2023ರಲ್ಲಿ ಹಂಪನಗೌಡ ಬಾದರ್ಲಿ ಇಲ್ಲಿ ಗೆದ್ದರು. ನಾಲ್ಕು ಚುನಾವಣೆ, ಎರಡೇ ಹೆಸರು. ಸಾಮಾನ್ಯ ಕ್ಷೇತ್ರ ಅಂತ ಹೆಸರು, ಸಾಮಾನ್ಯರ ಕೈಗೆ ಮಾತ್ರ ಅದು ಎಟುಕುವುದಿಲ್ಲ.

ಈ ತಾಲೂಕಿನಲ್ಲೇ ಆರ್.ಎಚ್. ಕ್ಯಾಂಪುಗಳೆಂದು ಕರೆಯುವ ಪುನರ್ವಸತಿ ಊರುಗಳಿವೆ. ಪೂರ್ವ ಬಂಗಾಳದಿಂದ ಓಡಿಬಂದ ಬಂಗಾಳಿಗಳನ್ನು ಸರಕಾರ ಇಲ್ಲಿ ತಂದು ನೆಲೆಗೊಳಿಸಿತು. ಅವರಲ್ಲಿ ಬಹಳ ಮಂದಿ ನಾಮಶೂದ್ರರು. ನೆನಪಿಡಿ, 1946ರಲ್ಲಿ ಬಾಬಾಸಾಹೇಬರಿಗೆ ಸಂವಿಧಾನ ಸಭೆಯ ಬಾಗಿಲನ್ನು ಮೊದಲು ತೆರೆದದ್ದು ಬಂಗಾಳ. ಅವರ ಬೆನ್ನಿಗೆ ನಿಂತವರು ನಾಮಶೂದ್ರರ ನಾಯಕ ಜೋಗೇಂದ್ರನಾಥ ಮಂಡಲ್. ಆ ಜನ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಸಿಂಧನೂರಿನಲ್ಲಿ ಅಲ್ಲ, ಯಾಕೆಂದರೆ ಕರ್ನಾಟಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಬಾಬಾಸಾಹೇಬರನ್ನು ದಿಲ್ಲಿಗೆ ಕಳಿಸಿದ ಜನಾಂಗದ ಮಕ್ಕಳು ಇಲ್ಲಿ ನಮ್ಮ ಪಕ್ಕದಲ್ಲೇ ಭತ್ತ ಕೊಯ್ಯುತ್ತಿದ್ದಾರೆ, ನಾವು ಅವರನ್ನು ಬಂಗಾಲಿ ಕ್ಯಾಂಪಿನವರು ಅಂತಷ್ಟೇ ಕರೆಯುತ್ತೇವೆ.

ಮಸ್ಕಿ ಅರ್ಧ ನೀರು, ಅರ್ಧ ಒಣ. ಸುತ್ತಲಿನ ತಾಲೂಕುಗಳ ಹಳ್ಳಿಗಳನ್ನು ಕತ್ತರಿಸಿ ಹೊಲಿದ ಕೌದಿಯಂಥ ಕ್ಷೇತ್ರ. ಊರು ಮಸ್ಕಿ ಲಿಂಗಸುಗೂರಿನದು, ತುರ್ವಿಹಾಳ, ಬಳಗಾನೂರು ಸಿಂಧನೂರಿನವು. ಕ್ಷೇತ್ರ 2008ರಲ್ಲೇ ಆಯಿತು, ಹೊಸ ತಾಲೂಕು ಎಂದು ಘೋಷಣೆಯಾಗಲು 2017 ಬರಬೇಕಾಯಿತು. 2008, 2013, 2018 ಮೂರೂ ಸಲ ಪ್ರತಾಪಗೌಡ ಪಾಟೀಲ ಗೆದ್ದರು, ಮೊದಲು ಬಿಜೆಪಿಯಿಂದ, ಆಮೇಲೆ ಕಾಂಗ್ರೆಸ್ಸಿನಿಂದ. 2018ರಲ್ಲಿ ಗೆದ್ದ ಅಂತರ 213 ಓಟು. 2019ರಲ್ಲಿ ಅವರು ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. ಚುನಾವಣೆಯ ತಕರಾರು ಹೈಕೋರ್ಟಿನಲ್ಲಿತ್ತು, ಉಪಚುನಾವಣೆ 2021ರ ಏಪ್ರಿಲ್‌ವರೆಗೆ ಎಳೆಯಿತು. ಅಷ್ಟು ಕಾಲ ಮಸ್ಕಿಗೆ ಶಾಸಕನೇ ಇಲ್ಲ. ಆ ಹೊತ್ತಿಗೆ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಧರಣಿ ಕೂತಿದ್ದರು. ಹಣದ ಮಾತು, ಜಾತಿಯ ಮಾತು ಬದಿಗೆ ಸರಿದು ನೀರಿನ ಮಾತು ಮೇಲೆ ಬಂತು. ಬಸನಗೌಡ ತುರ್ವಿಹಾಳ 30 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಜನ ಒಂದು ಪ್ರಶ್ನೆಯ ಸುತ್ತ ಕೂಡಿದರೆ 213ರ ಲೆಕ್ಕ ಹೇಗೆ ತಿರುಗುತ್ತದೆ ನೋಡಿ. ಆದರೆ ಕಾಲುವೆ ಬಂದರೂ ಹೊಲವೇ ಇಲ್ಲದವನು ನೀರನ್ನು ಎಲ್ಲಿಗೆ ಹರಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ಯಾವ ವೇದಿಕೆಯೂ ಎತ್ತಲಿಲ್ಲ.

ಇದೇ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರಿಗೆ ಅಶೋಕನ ಶಾಸನ ಸಿಕ್ಕಿತು. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಲೋಕಕ್ಕೆ ಗೊತ್ತಾದದ್ದು ಈ ಬಂಡೆಯಿಂದ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಇದನ್ನು ಕಲ್ಲಿನ ಮೇಲೆ ಕೊರೆಸಿದರು. ಆ ಕಲ್ಲಿನ ಸುತ್ತಲ ಹಳ್ಳಿಗಳಲ್ಲಿ ಸಣ್ಣವರ ಪಾಲು ಯಾವುದು ಎಂದು ನಾವು ಇನ್ನೂ ಕೇಳಬೇಕಾಗಿದೆ.

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನವಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನಕ್ಕೆ ಹಟ್ಟಿಯೇ ಹೆಸರು. ಕೆಳಗೆ ಚಿನ್ನ, ಮೇಲೆ ಗುಳೆ. ಮಳೆ ಕೈಕೊಟ್ಟ ವರ್ಷ ಒಣಭೂಮಿಯ ಮಂದಿ ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಓಟಿನ ದಿನ ಅವರು ಊರಲ್ಲಿ ಇರುತ್ತಾರೆಯೇ? ಮೀಸಲು ಕ್ಷೇತ್ರದಲ್ಲಿ ಮೀಸಲಾತಿಯ ಮಂದಿಯೇ ಗೈರುಹಾಜರು. ಇನ್ನೊಂದು ಮಾತು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ 101 ಹೆಸರುಗಳಿವೆ. ಅಸ್ಪೃಶ್ಯತೆ ಉಂಡವರೂ, ಉಣ್ಣದೆ ಬಡತನ ಉಂಡವರೂ ಅಲ್ಲಿದ್ದಾರೆ. ಟಿಕೆಟು ಯಾರಿಗೆ ಎಂದು ತೀರ್ಮಾನಿಸುವ ಗೌಡರ ಕಟ್ಟೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ತಮ್ಮ ಮುಂದೆ ತಲೆ ಎತ್ತದವನನ್ನು ಅವರು ಹುಡುಕುತ್ತಾರೆ. ಪಂಗಡದ ಕ್ಷೇತ್ರಗಳಲ್ಲೂ ಇದೇ ಕತೆ. ಅಲ್ಲಿ ದೊರೆಮನೆಯೂ ಇದೆ, ಕೂಲಿಮನೆಯೂ ಇದೆ. ಮೀಸಲಾತಿ ಜಾತಿಯನ್ನು ಕೇಳುತ್ತದೆ, ಎಕರೆ ಎಷ್ಟು ಎಂದು ಕೇಳುವುದಿಲ್ಲ.

ಮುಂದಿನ ಗೆರೆಗೆ ಮುಂಚೆ

ಹಾಗಾದರೆ ಮೀಸಲಾತಿ ಬೇಡವೇ? ಗೆಳೆಯರೇ, ಅದು ಉಳ್ಳವರ ಮಾತು. ಮೀಸಲು ಇಲ್ಲದಿದ್ದರೆ ಲಿಂಗಸುಗೂರಿನಿಂದ ನಮ್ಮ ಹೆಸರಿನವನೊಬ್ಬನೂ ವಿಧಾನಸೌಧದ ಮೆಟ್ಟಿಲು ಹತ್ತುತ್ತಿರಲಿಲ್ಲ. ಸಿಂಧನೂರನ್ನೇ ನೋಡಿ, ಸಾಕು. ನಮ್ಮ ತಕರಾರು ಮೀಸಲಾತಿಯ ಮೇಲಲ್ಲ, ಅದರ ಕೀಲಿಕೈ ಯಾರ ಬಳಿ ಇದೆ ಎಂಬುದರ ಮೇಲೆ.

84ನೇ ತಿದ್ದುಪಡಿ ಹಳೆಯ ಲೆಕ್ಕಕ್ಕೆ 2026ರ ನಂತರದ ಮೊದಲ ಜನಗಣತಿಯವರೆಗೆ ಗಡುವು ಹಾಕಿತು. 2023ರ 106ನೇ ತಿದ್ದುಪಡಿ ಮಹಿಳೆಯರ ಮೂರನೇ ಒಂದು ಪಾಲನ್ನೂ ಕ್ಷೇತ್ರ ಪುನರ್ವಿಂಗಡಣೆಗೇ ಗಂಟು ಹಾಕಿತು. ದಕ್ಷಿಣಕ್ಕೆ ಎಷ್ಟು ಸೀಟು, ಉತ್ತರಕ್ಕೆ ಎಷ್ಟು ಅಂತ ದೊಡ್ಡವರು ದೊಡ್ಡ ದನಿಯಲ್ಲಿ ಮಾತಾಡುತ್ತಾರೆ. ಆ ಗದ್ದಲದಲ್ಲಿ ಮಸ್ಕಿಯ ಯಾವ ಕೇರಿ ಯಾವ ಕ್ಷೇತ್ರಕ್ಕೆ ಎಂಬ ಸಣ್ಣ ಮಾತು ಮುಚ್ಚಿಹೋಗುತ್ತದೆ. ನಮ್ಮ ಬದುಕು ಇರುವುದು ಆ ಸಣ್ಣ ಮಾತಿನಲ್ಲೇ.

ಕಳೆದ ಸಲದ ಪದ್ಧತಿ ಹೀಗಿತ್ತು: ಆಯೋಗ ಮೊದಲು ಕರಡು ಪ್ರಕಟಿಸುತ್ತದೆ, ತಕರಾರು ಕರೆಯುತ್ತದೆ, ಬಹಿರಂಗ ಸಭೆ ನಡೆಸುತ್ತದೆ, ಆಮೇಲೆ ಗೆಜೆಟ್ಟಿಗೆ ಕಳಿಸುತ್ತದೆ. ಆಯೋಗದ ಜತೆ ಸಂಸದರು, ಶಾಸಕರು ಕೂತಿರುತ್ತಾರೆ, ಅವರಿಗೆ ತಮ್ಮ ಊರಿನ ಲೆಕ್ಕ ಚೆನ್ನಾಗಿ ಬರುತ್ತದೆ. ಗೆಜೆಟ್ಟು ಬಂದ ಮೇಲೆ ಕೋರ್ಟಿಗೆ ಹೋಗಿ ಅದನ್ನು ಅಲುಗಾಡಿಸುವುದು ಬಲು ಕಷ್ಟ. ಅಂದರೆ ನಮಗಿರುವ ಹೊತ್ತು ಕರಡಿಗೂ ಗೆಜೆಟ್ಟಿಗೂ ನಡುವಿನ ಕೆಲವೇ ದಿನ.

ಆ ದಿನಗಳಿಗೆ ನಾವು ಈಗಲೇ ತಯಾರಾಗಬೇಕು. ಹಳ್ಳಿಯ ಮೇಷ್ಟ್ರುಗಳು ಶಾಲೆಯ ಗೋಡೆಗೆ ತಾಲೂಕಿನ ನಕ್ಷೆ ಹಚ್ಚಿ, ನಮ್ಮೂರು ಯಾವ ವಿಧಾನಸಭೆ, ಯಾವ ಲೋಕಸಭೆ ಅಂತ ಮಕ್ಕಳಿಗೆ ತೋರಿಸಲಿ. ಜನಗಣತಿಯವರು ಬಂದಾಗ ಕೇರಿಯ ಪ್ರತಿ ಮನೆಯೂ, ಗುಳೆ ಹೋದವರ ಮನೆಯೂ ಲೆಕ್ಕಕ್ಕೆ ಬಂತೇ ಎಂದು ವಿದ್ಯಾರ್ಥಿಗಳು ನೋಡಲಿ. ಸಂಘಟನೆಯವರು ಹೊಲಗೇರಿ, ಮಾದಿಗರ ಕೇರಿ, ನಾಯಕರ ಓಣಿ, ಬಂಗಾಲಿ ಕ್ಯಾಂಪು ಇವನ್ನೆಲ್ಲ ಒಂದೇ ಸಭೆಗೆ ಕರೆದು, ಕರಡು ಬಂದರೆ ನಮ್ಮ ತಕರಾರು ಏನು ಎಂದು ಈಗಲೇ ಬರೆದಿಡಲಿ. ದೊರೆಗಳು ಗೆರೆ ಎಳೆದಾಗ ನಮ್ಮನ್ನು ಕೇಳಲಿಲ್ಲ, ಆಗ ನಮಗೆ ಓಟಿರಲಿಲ್ಲ. ಈಗ ಓಟಿದೆ. ಮುಂದಿನ ಗೆರೆಯನ್ನು ಎಳೆಯುವ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರದೆ ಎದ್ದು ನಿಂತು ಮಾತಾಡುವುದು ನಮ್ಮ ಕೆಲಸ.