ಕಾರ್ಖಾನೆ ಯಾರದು, ಸದ್ದು ಯಾರದು?

‘ಇಂಡಸ್ಟ್ರಿಯಲ್ ಮ್ಯೂಸಿಕ್’ ಅಂದರೆ ಗಿರಣಿ ಕೂಲಿಕಾರರ ಹಾಡು ಅಂತ ನಾವು ಮೊದಲು ತಿಳಿದಿದ್ದೆವು. ಹಾಗೆ ತಿಳಿಯೋದು ತಪ್ಪೇನಲ್ಲ. ಎ. ಎಲ್. ಲಾಯ್ಡ್ ಎಂಬಾತ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಹಾಡು ಹೆಕ್ಕಿ 1952ರಲ್ಲೇ ಪುಸ್ತಕ ಮಾಡಿದ್ದ. ಆದರೆ ಹೆಸರು ಅಂಟಿಕೊಂಡಿದ್ದು ಬೇರೆಯವರಿಗೆ.

1976ರಲ್ಲಿ ಲಂಡನ್ನಿನ ‘ಥ್ರಾಬಿಂಗ್ ಗ್ರಿಸಲ್’ ಎಂಬ ನಾಲ್ವರ ತಂಡ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಶುರುಮಾಡಿತು. ಕೈಗಾರಿಕಾ ಜನಕ್ಕೆ ಕೈಗಾರಿಕಾ ಸಂಗೀತ ಎಂಬ ಘೋಷಣೆ ಅಮೆರಿಕದ ಕಲಾವಿದ ಮಾಂಟೆ ಕಜಾಜಾ ಕೊಟ್ಟದ್ದು. ಹ್ಯಾಕ್ನಿಯ ಹಳೇ ಕಾರ್ಖಾನೆಯ ನೆಲಮಾಳಿಗೆಯೇ ಅವರ ಸ್ಟುಡಿಯೋ. ಅದಕ್ಕೆ ‘ಸಾವಿನ ಕಾರ್ಖಾನೆ’ ಅಂತ ಹೆಸರು. ಡ್ರಮ್ಮು ಬಾರಿಸುವವನಿಲ್ಲ. ಟೇಪು, ಕೈಯಾರೆ ಬೆಸೆದ ವಿದ್ಯುತ್ ಯಂತ್ರ, ಕಿವಿ ಕೊರೆಯುವ ಗದ್ದಲ. 1977ರ ಮೊದಲ ಎಲ್.ಪಿ.ಗೆ ಕಂಪನಿಗಳು ಷೇರುದಾರರಿಗೆ ಕೊಡೋ ವಾರ್ಷಿಕ ವರದಿಯ ಹೆಸರಿಟ್ಟರು. ಹಾಡೂ ಒಂದು ಸರಕೇ ಎಂಬ ಕುಹಕ ಅದು. ಕುಹಕ ನಮಗೆ ಹಿಡಿಸುತ್ತದೆ. ಆದರೆ ಆಶ್ವಿಟ್ಜ್‌ನ ಹೆಣ ಸುಡುವ ಒಲೆಮನೆಯ ಚಿತ್ರವನ್ನೇ ಕಂಪನಿಯ ಮುದ್ರೆ ಮಾಡಿಕೊಂಡರಲ್ಲ, ಅದು ಹಿಡಿಸಲಿಲ್ಲ. ಬೆಚ್ಚಿಬೀಳಿಸೋದೇ ಗುರಿಯಾಗಿರಲಿ, ಸತ್ತವರನ್ನು ಕೇಳಿದವರಾರು?

1981ರಲ್ಲಿ ತಂಡ ಒಡೆಯಿತು, ಜಗಳ ಜೋರಾಯಿತು. ಆ ಕಂಪನಿಯವರಷ್ಟೇ ಅಸಲಿ, ಮಿಕ್ಕವರೆಲ್ಲ ನಕಲಿ ಅಂತ ಒಂದು ಗುಂಪು. ಅಲ್ಲೂ ಮಡಿ-ಮೈಲಿಗೆ ನೋಡಿ! 1989ರಲ್ಲಿ ಅಮೆರಿಕದ ಟ್ರೆಂಟ್ ರೆಜ್ನರ್ ‘ನೈನ್ ಇಂಚ್ ನೇಲ್ಸ್’ ಹೆಸರಲ್ಲಿ ಮೊದಲ ಎಲ್.ಪಿ. ತಂದಾಗ ಇದು ಕುಣಿಯೋರ ಪಾಪ್ ಅಂತ ಮೂಗು ಮುರಿದರು. ಕ್ಲೀವ್‌ಲ್ಯಾಂಡಿನ ಸ್ಟುಡಿಯೋದಲ್ಲಿ ಕಸ ಗುಡಿಸುತ್ತ, ಕೋಣೆ ಖಾಲಿಯಿದ್ದ ಹೊತ್ತಲ್ಲಿ ಆತ ಅದರ ಹಾಡುಗಳ ಕರಡು ಮುದ್ರಿಸಿಕೊಂಡಿದ್ದ. ಪೊರಕೆ ಹಿಡಿದ ಕೈ ನಕಲಿಯಂತೆ! 1993ರಲ್ಲಿ ಗ್ರ್ಯಾಮಿಯವರು ಬಹುಮಾನ ಕೊಟ್ಟಿದ್ದೂ ‘ಮೆಟಲ್’ ಅಂತ ಕರೆದು.

ನಮ್ಮ ಮನಸ್ಸು ನಿಲ್ಲೋದು ‘ಟೆಸ್ಟ್ ಡಿಪಾರ್ಟ್‌ಮೆಂಟ್’ ಹತ್ತಿರ. 1981, ಲಂಡನ್ನಿನ ನ್ಯೂ ಕ್ರಾಸ್. ಹಡಗುಕಟ್ಟೆಗಳು ಮುಚ್ಚುತ್ತಿದ್ದ ಕಾಲ. ಪಾಳುಬಿದ್ದ ಜಾಗಗಳಲ್ಲಿ ಕೊಳವೆ, ಸ್ಪ್ರಿಂಗು, ತಗಡು ಆಯ್ದು ತಂದು ಸುತ್ತಿಗೆಯಲ್ಲಿ ಬಡಿದರು. 1984ರ ಮಾರ್ಚಿನಲ್ಲಿ ಗಣಿ ಮುಚ್ಚೋದರ ವಿರುದ್ಧ ಕಲ್ಲಿದ್ದಲ ಕೆಲಸಗಾರರು ಮುಷ್ಕರ ಹೂಡಿದಾಗ ಇವರು ಅವರ ಜೊತೆ ನಿಂತರು. ದಕ್ಷಿಣ ವೇಲ್ಸ್‌ನ ಮುಷ್ಕರನಿರತ ಗಣಿಗಾರರ ಗಾಯನ ತಂಡದೊಂದಿಗೆ ಸೇರಿ ‘ಶೋಲ್ಡರ್ ಟು ಶೋಲ್ಡರ್’ ಎಂಬ ಎಲ್.ಪಿ. ಮಾಡಿದರು. ಒಂದು ಕಡೆ ಕಬ್ಬಿಣದ ಬಡಿತ, ಇನ್ನೊಂದು ಕಡೆ ದೂಳು ಕುಡಿದ ಕೊರಳು. ಲಾಯ್ಡ್ ಹೆಕ್ಕಿದ್ದ ಜನ, ಥ್ರಾಬಿಂಗ್ ಗ್ರಿಸಲ್ ಇಟ್ಟ ಹೆಸರು, ಎರಡೂ ಅಲ್ಲಿ ಒಟ್ಟಿಗೆ ಕೂತವು. ಅಸಲಿ-ನಕಲಿಯ ಪಟ್ಟಿ ಹಿಡಿದವರು ಆ ಕೊರಳುಗಳನ್ನು ಎಲ್ಲಿ ಬರೀತಾರೋ ನಾವು ಕಾಣೆವು.

1985ರ ಮಾರ್ಚಿನಲ್ಲಿ ಮುಷ್ಕರ ಸೋತಿತು. ಗಣಿಗಾರರು ಬ್ಯಾಂಡು ಬಾರಿಸಿಕೊಂಡು, ಬಾವುಟ ಹಿಡಿದು ಕೆಲಸಕ್ಕೆ ವಾಪಸು ಹೋದರು.