ತಾಲಿಲ್ಲಿನ್ ರೈಲುಮಾರ್ಗ: ಸ್ವಯಂಸೇವೆ ಮತ್ತು ಆಡಳಿತದ ಸಮನ್ವಯ

ವೇಲ್ಸ್ ದೇಶದ ಪಶ್ಚಿಮ ಕರಾವಳಿಯ ಟವಿನ್ ಪಟ್ಟಣದಿಂದ ಒಳನಾಡಿನ ಬೆಟ್ಟಗಳ ಕಡೆಗೆ ಸಾಗುವ ತಾಲಿಲ್ಲಿನ್ ರೈಲುಮಾರ್ಗದ ಉದ್ದ ಸುಮಾರು 11.7 ಕಿ.ಮೀ. ಮಾತ್ರ. ಆದರೂ ಸ್ವಯಂಸೇವಕರು ವಹಿಸಿಕೊಂಡು ಉಳಿಸಿದ ಜಗತ್ತಿನ ಮೊದಲ ರೈಲುಮಾರ್ಗವೆಂಬ ಹಿರಿಮೆ ಅದಕ್ಕಿದೆ. ಈ ಇತಿಹಾಸವನ್ನು ಸಾಮಾನ್ಯವಾಗಿ ರೈಲುಪ್ರಿಯರ ಉತ್ಸಾಹದ ಕಥೆಯಾಗಿ ನಿರೂಪಿಸಲಾಗುತ್ತದೆ. ಉತ್ಸಾಹವೊಂದರಿಂದಲೇ ಪ್ರಯಾಣಿಕರನ್ನು ಹೊತ್ತ ರೈಲು ಓಡಲಾರದು. ಒಡೆತನ ಯಾರದು, ತೀರ್ಮಾನ ಯಾರದು, ಅವಘಡವಾದರೆ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ದೊರೆತುದರಿಂದಲೇ ಈ ಪ್ರಯೋಗ ಬಾಳಿತು. ಆ ಉತ್ತರ ರೂಪುಗೊಂಡ ಬಗೆಯನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಬ್ರಿನ್ ಎಗ್ಲೂಯಿಸ್ ಎಂಬ ಸ್ಲೇಟುಕಲ್ಲಿನ ಗಣಿಯಿಂದ ಸರಕು ಸಾಗಿಸುವ ಸಲುವಾಗಿ 1865ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಯ್ದೆಯ ಮೂಲಕ ತಾಲಿಲ್ಲಿನ್ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಹಳಿಗಳ ನಡುವಣ ಅಂತರ 2 ಅಡಿ 3 ಅಂಗುಲ. ಉಗಿಯಂತ್ರದಿಂದ ಪ್ರಯಾಣಿಕರನ್ನು ಸಾಗಿಸಲು ಬ್ರಿಟನ್ನಿನಲ್ಲಿ ಕಾಯ್ದೆಯ ಅನುಮತಿ ಪಡೆದ ಮೊದಲ ಕಿರು ಹಳಿಯ ಮಾರ್ಗವಿದು. 1866ರಲ್ಲಿ ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿ ಕ್ಯಾಪ್ಟನ್ ಟೈಲರ್, ಮೇಲ್ಸೇತುವೆಗಳ ಅಡಿಯಲ್ಲಿ ಬೋಗಿಗಳ ಪಕ್ಕಕ್ಕೆ ಸಾಕಷ್ಟು ತೆರಪಿಲ್ಲವೆಂದು ಆಕ್ಷೇಪಿಸಿದರು. ಆಗ ಹಳಿಯನ್ನು ಸೇತುವೆಗಳ ನಡುಭಾಗದಿಂದ ಒಂದು ಬದಿಗೆ ಸರಿಸಿ, ಬೋಗಿಗಳ ಒಂದು ಪಕ್ಕದ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಲಾಯಿತು. ಸುರಕ್ಷತೆಯ ಕಟ್ಟುಪಾಡು ಈ ಮಾರ್ಗಕ್ಕೆ ಹುಟ್ಟಿನಿಂದಲೇ ಅಂಟಿ ಬಂದದ್ದು ಎಂಬುದಕ್ಕೆ ಇದು ನಿದರ್ಶನ.

1911ರಲ್ಲಿ ಗಣಿಯನ್ನೂ ರೈಲುಮಾರ್ಗವನ್ನೂ ಕೊಂಡ ಸರ್ ಹೆನ್ರಿ ಹೇಡನ್ ಜೋನ್ಸ್ ಆ ಭಾಗದ ಸಂಸತ್ ಸದಸ್ಯರೂ ಆಗಿದ್ದರು. 1946ರಲ್ಲಿ ಗಣಿ ಮುಚ್ಚಿತು. ತಾವು ಬದುಕಿರುವವರೆಗೆ ರೈಲನ್ನು ನಿಲ್ಲಿಸುವುದಿಲ್ಲವೆಂಬ ಮಾತನ್ನು ಅವರು ನಷ್ಟದ ನಡುವೆಯೂ ಉಳಿಸಿಕೊಂಡರು. ಬ್ರಿಟನ್ನಿನ ರೈಲುಗಳನ್ನು ರಾಷ್ಟ್ರೀಕರಿಸಿದ 1947ರ ಸಾರಿಗೆ ಕಾಯ್ದೆಯ ವ್ಯಾಪ್ತಿಗೆ ಈ ಪುಟ್ಟ ಕಂಪನಿ ಸೇರಲಿಲ್ಲ. ಹೀಗೆ ಹೊರಗುಳಿದುದೇ ಮುಂದಿನ ಬೆಳವಣಿಗೆಗೆ ದಾರಿಯಾಯಿತು. ರಾಷ್ಟ್ರೀಕೃತವಾಗಿದ್ದ ನೆರೆಯ ಕಾರಿಸ್ ಮಾರ್ಗ 1948ರಲ್ಲಿ ಮುಚ್ಚಿಹೋಯಿತು.

1950ರ ಜುಲೈನಲ್ಲಿ ಹೇಡನ್ ಜೋನ್ಸ್ ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್ 11ರಂದು ಲೇಖಕ ಎಲ್.ಟಿ.ಸಿ. ರೋಲ್ಟ್ ಅವರ ಮುಂದಾಳುತನದಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸೇರಿದ ಸಭೆ, ಮಾರ್ಗವನ್ನು ಉಳಿಸಲು ಒಂದು ಸಮಿತಿಯನ್ನು ರಚಿಸಿತು. ಬಿಲ್ ಟ್ರಿಂಡರ್ ಅದರ ಅಧ್ಯಕ್ಷರಾದರು. ಸಮಿತಿಯು ಹಳೆಯ ಕಂಪನಿಯನ್ನು ವಿಸರ್ಜಿಸಲಿಲ್ಲ. ಕಂಪನಿಯ ಷೇರುಗಳನ್ನೆಲ್ಲ ‘ತಾಲಿಲ್ಲಿನ್ ಹೋಲ್ಡಿಂಗ್ಸ್’ ಎಂಬ ಹೊಸ ಸಂಸ್ಥೆಗೆ ವರ್ಗಾಯಿಸಲಾಯಿತು. ಅದರ ನಿರ್ದೇಶಕ ಮಂಡಳಿಯಲ್ಲಿ ಹೇಡನ್ ಜೋನ್ಸ್ ಅವರ ಪತ್ನಿಯೂ ಆಸ್ತಿಯ ನಿರ್ವಾಹಕರೂ ಒಂದು ಕಡೆ, ಸಮಿತಿಯ ಇಬ್ಬರು ಇನ್ನೊಂದು ಕಡೆ ಸಮಸಂಖ್ಯೆಯಲ್ಲಿದ್ದರು. 1951ರ ಫೆಬ್ರವರಿ 8ರಂದು ಈ ಹಸ್ತಾಂತರ ಜಾರಿಗೆ ಬಂದಿತು. ರೈಲು ಓಡಿಸುವ ಶಾಸನಬದ್ಧ ಅಧಿಕಾರ 1865ರ ಕಂಪನಿಯಲ್ಲಿಯೇ ಉಳಿದುದರಿಂದ ಹೊಸದಾಗಿ ಅನುಮತಿ ಪಡೆಯುವ ಅಗತ್ಯ ಬೀಳಲಿಲ್ಲ. 1951ರ ಮೇ 14ರಂದು ಟವಿನ್‌ನಿಂದ ರಿಡಿರೊನೆನ್ ನಿಲ್ದಾಣದವರೆಗೆ ಸಂಘದ ಮೊದಲ ರೈಲು ಓಡಿತು.

ಇದರಿಂದ ಎರಡು ಅಂತಸ್ತಿನ ವ್ಯವಸ್ಥೆ ನೆಲೆಗೊಂಡಿತು. ತಾಲಿಲ್ಲಿನ್ ರೈಲ್ವೆ ಸಂರಕ್ಷಣಾ ಸಂಘವು ಸದಸ್ಯರನ್ನು ಕೂಡಿಸುತ್ತದೆ, ಚಂದಾ ಮತ್ತು ದೇಣಿಗೆ ಸಂಗ್ರಹಿಸುತ್ತದೆ, ಶ್ರಮವನ್ನು ಒದಗಿಸುತ್ತದೆ. ಸದಸ್ಯರು ತಮ್ಮ ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ. ಕಂಪನಿಯು ರೈಲನ್ನು ಓಡಿಸುತ್ತದೆ, ನೌಕರರನ್ನು ನೇಮಿಸುತ್ತದೆ, ಕಾನೂನಿಗೆ ಉತ್ತರ ಹೇಳುತ್ತದೆ. ಸಂಘದ ಸಭೆಯಲ್ಲಿ ಎಲ್ಲ ಸದಸ್ಯರ ಮತಕ್ಕೂ ಒಂದೇ ಬೆಲೆ. ಹಳಿಯ ಮೇಲೆ ಹಾಗಲ್ಲ. ಚಾಲಕ, ಬೆಂಕಿಯಾಳು, ಗಾರ್ಡ್ ಮೊದಲಾದ ಹುದ್ದೆಗಳಿಗೆ ಸ್ವಯಂಸೇವಕರು ತರಬೇತಿ ಪಡೆದು, ಅರ್ಹತೆಯನ್ನು ಸಿದ್ಧಪಡಿಸಿಯೇ ಬರಬೇಕು. ಒಂಟಿ ಹಳಿಯ ಮೇಲೆ ಟೋಕನ್ ಇಲ್ಲದೆ ರೈಲು ಹೊರಡದು. ಸಂಬಳವಿಲ್ಲದವನನ್ನು ಸಂಬಳದ ಭಯದಿಂದ ನಿಯಂತ್ರಿಸಲಾಗದು. ನಿಯಮಪುಸ್ತಕ ಮತ್ತು ಅರ್ಹತೆಯ ಪರೀಕ್ಷೆ ಆ ಸ್ಥಾನವನ್ನು ತುಂಬುತ್ತವೆ. ವರ್ಷವಿಡೀ ನಡೆಯಬೇಕಾದ ಕೆಲಸಗಳಿಗೆ ಸಂಬಳದ ಸಣ್ಣ ಸಿಬ್ಬಂದಿ ಇದೆ. ಮೊದಲೆರಡು ವರ್ಷ ರೋಲ್ಟ್ ಅವರೇ ವ್ಯವಸ್ಥಾಪಕರಾಗಿದ್ದರು.

ಸದಸ್ಯತ್ವದ ನಿಜವಾದ ಬೆಲೆ ಚಂದಾ ಹಣಕ್ಕೆ ಸೀಮಿತವಾಗಿರಲಿಲ್ಲ. 1951ರಲ್ಲಿ ಓಡುವ ಸ್ಥಿತಿಯಲ್ಲಿದ್ದುದು 1866ರ ‘ಡೋಲ್ಗೋಖ್’ ಎಂಬ ಒಂದೇ ಎಂಜಿನ್. ಕಾರಿಸ್ ಮಾರ್ಗದ ಎರಡು ಎಂಜಿನ್‌ಗಳನ್ನು ತಲಾ 25 ಪೌಂಡಿಗೆ ಕೊಳ್ಳಲಾಯಿತು. ಅವುಗಳಲ್ಲಿ ಒಂದನ್ನು ಹನ್ಸ್‌ಲೆಟ್ ಎಂಜಿನ್ ಕಂಪನಿಯ ಅಧ್ಯಕ್ಷರೂ ಸಂಘದ ಸದಸ್ಯರೂ ಆಗಿದ್ದ ಜಾನ್ ಆಲ್ಕಾಕ್ ತಮ್ಮ ಕಾರ್ಖಾನೆಯಲ್ಲಿ ಉಚಿತವಾಗಿ ದುರಸ್ತಿ ಮಾಡಿಸಿಕೊಟ್ಟರು. ಹಿಂದೆ ಗಣಿಯ ಸರಕು ಮಾತ್ರ ಸಾಗುತ್ತಿದ್ದ ಮೇಲಿನ ಭಾಗವನ್ನು ಸ್ವಯಂಸೇವಕರು ಪುನರ್ನಿರ್ಮಿಸಿದ ಫಲವಾಗಿ 1976ರಲ್ಲಿ ಪ್ರಯಾಣಿಕರ ರೈಲು ನಾಂಟ್ ಗ್ವೆರ್ನೋಲ್‌ವರೆಗೆ ತಲುಪಿತು.

ಇದೇ ಮಾದರಿ ಎಲ್ಲೆಡೆಯೂ ಯಥಾವತ್ತಾಗಿ ಅನುಸರಣೆಯಾಗಲಿಲ್ಲ. 1832ರ ಕಾಯ್ದೆಯಿಂದ ಹುಟ್ಟಿ 1946ರಲ್ಲಿ ನಿಂತುಹೋಗಿದ್ದ ಉತ್ತರ ವೇಲ್ಸಿನ ಫೆಸ್ಟಿನಿಯೋಗ್ ಕಂಪನಿಯ ನಿಯಂತ್ರಣವನ್ನು 1954ರಲ್ಲಿ ಅಲನ್ ಪೆಗ್ಲರ್ ಪಡೆದರು. ಆ ಷೇರುಗಳು ಬಳಿಕ ಒಂದು ಧರ್ಮಾರ್ಥ ಟ್ರಸ್ಟಿನ ವಶಕ್ಕೆ ಹೋದವು. ಅಲ್ಲಿ ಸದಸ್ಯರ ಸಂಘವು ಬೆಂಬಲಿಗನ ಸ್ಥಾನದಲ್ಲಿದೆ, ಒಡೆತನದ ಕೀಲಿ ಟ್ರಸ್ಟಿನಲ್ಲಿದೆ. ಸದಸ್ಯರ ಕ್ಷಣಿಕ ಬಹುಮತದಿಂದ ಆಸ್ತಿಗೆ ರಕ್ಷಣೆ ಕೊಡುವುದು ಈ ಬಗೆಯ ಲಾಭ. ದುಡಿಯುವವರಿಂದ ತೀರ್ಮಾನ ದೂರವಾಗುವುದು ಅದರ ಮಿತಿ. ಭಾರತದಲ್ಲಿ 1999ರಿಂದ 2008ರ ಅವಧಿಯಲ್ಲಿ ವಿಶ್ವಪರಂಪರೆಯ ಮನ್ನಣೆ ಪಡೆದ ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ ಮಾರ್ಗಗಳ ಒಡೆತನ ಮತ್ತು ಸಂಚಾಲನೆಗಳೆರಡೂ ಭಾರತೀಯ ರೈಲ್ವೆಯವು. ಆದ್ದರಿಂದ ಅಲ್ಲಿ ಈ ಪ್ರಶ್ನೆಯೇ ಬೇರೆ ರೂಪ ತಳೆಯುತ್ತದೆ.

2021ರಲ್ಲಿ ಯುನೆಸ್ಕೋ ವಾಯವ್ಯ ವೇಲ್ಸಿನ ಸ್ಲೇಟು ಭೂದೃಶ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಬ್ರಿನ್ ಎಗ್ಲೂಯಿಸ್ ಗಣಿಯೊಡನೆ ತಾಲಿಲ್ಲಿನ್ ಮಾರ್ಗವೂ ಅದರಲ್ಲಿ ಸೇರಿತು. ಗಣಿ ಉಳಿಯಲಿಲ್ಲ, ಗಣಿಗಾಗಿ ಹುಟ್ಟಿದ ಕಂಪನಿ ಉಳಿಯಿತು. ಅದು ಉಳಿದುದರಲ್ಲಿ ಹಳೆಯ ಎಂಜಿನ್‌ಗಳ ಮೇಲಿನ ಮಮತೆಯ ಪಾಲು ದೊಡ್ಡದು. ಆ ಮಮತೆಯನ್ನು ಕಾನೂನಿನ ಹೊಣೆಯೊಡನೆ ಬೆಸೆದು, ಸ್ಥಾಪಕರ ತಲೆಮಾರು ಮುಗಿದ ಮೇಲೂ ನಡೆಯುವಂತೆ 1951ರಲ್ಲಿ ಮಾಡಿಕೊಂಡ ಏರ್ಪಾಡಿನ ಪಾಲು ಅದಕ್ಕಿಂತ ಕಡಮೆಯದಲ್ಲ.